ಇಲ್ಲದ್ದನ್ನು ಹೇಳುವ ಹಲಗೆ

ಹೊನ್ನಾವರದ ಪೇಟೆಯಿಂದ ಬಂದರಿನ ಕಡೆಗೆ ಇಳಿಯುವ ರಸ್ತೆಯ ತಿರುವಿನಲ್ಲಿ ನಾಗೇಶ ಪ್ರಭುಗಳ ತಿಂಡಿ ಹೋಟೆಲಿದೆ. ಅದರ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ, ದೇವರ ಪಟದ ಕೆಳಗೆ, ಒಂದು ಕರಿಹಲಗೆ ತೂಗುತ್ತದೆ. ಹೋಟೆಲಿನಲ್ಲಿ ಹಲಗೆ ತೂಗುವುದು ಪ್ರಬಂಧ ಬರೆಯುವಷ್ಟು ದೊಡ್ಡ ಸಂಗತಿಯೇ ಎಂದು ನೀವು ಕೇಳುವ ಮೊದಲೇ ಅಲ್ಲವೆಂದು ಒಪ್ಪಿಬಿಡುತ್ತೇನೆ. ಆದರೆ ಉಳಿದ ಹೋಟೆಲುಗಳ ಹಲಗೆಗಳು ಏನೇನಿದೆ ಎಂದು ಸಾರಿದರೆ ಪ್ರಭುಗಳ ಹಲಗೆ ಏನೇನಿಲ್ಲ ಎಂದು ಸಾರುತ್ತದೆ. ನೆತ್ತಿಯಲ್ಲಿ ಬಿಳಿ ಪೇಂಟಿನಿಂದ ಶಾಶ್ವತವಾಗಿ ಬರೆಸಿದ ಎರಡು ಪದಗಳು, ‘ಇವತ್ತು ಇಲ್ಲ’. ಅದರ ಕೆಳಗೆ ಸೀಮೆಸುಣ್ಣದಲ್ಲಿ, ದಿನಕ್ಕೊಂದು ಬಗೆ: ಒಮ್ಮೆ ಬನ್ಸ್, ಒಮ್ಮೆ ಮಿಸಳ್, ಒಮ್ಮೆ ಶಿರಾ, ಹಾಲಿನವನು ತಡ ಮಾಡಿದ ದಿನ ಕಷಾಯ.

ಊರಿನವರಿಗೆ ಇದು ಅಭ್ಯಾಸವಾಗಿ ಹೋಗಿದೆ. ಅಲ್ಲಿ ಏನು ಸಿಗುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಸುದ್ದಿಯೆನ್ನಿಸಿಕೊಳ್ಳುವುದು ಏನು ಸಿಗುವುದಿಲ್ಲ ಎಂಬುದೊಂದೇ. ಕಷ್ಟವಾಗುವುದು ಹೊರಗಿನಿಂದ ಬಂದವರಿಗೆ. ಓಂ ಬೀಚು ನೋಡಿ ಭಟ್ಕಳದ ಕಡೆಗೆ ಹೊರಟಿದ್ದ ಹುಬ್ಬಳ್ಳಿ ಕಡೆಯ ಹುಡುಗರ ದಂಡೊಂದು ಒಮ್ಮೆ ನನ್ನ ಪಕ್ಕದ ಮೇಜಿನಲ್ಲಿ ಕೂತು, ಹಲಗೆಯ ನೆತ್ತಿಯನ್ನು ಓದದೆ ಹೊಟ್ಟೆಯನ್ನು ಮಾತ್ರ ಓದಿ, “ಅಣ್ಣಾ, ಎಲ್ಲಾರಿಗೂ ಬನ್ಸ್ ಕೊಡ್ರಿ” ಎಂದಿತು.

“ಅದು ಇಲ್ಲ,” ಎಂದರು ಪ್ರಭುಗಳು.

“ಬೋರ್ಡಿನ್ಯಾಗ ಐತಲ್ರೀ?”

“ಬೋರ್ಡಲ್ಲಿ ಇದ್ದದ್ದಕ್ಕೇ ಇಲ್ಲ ಮಾರಾಯ್ರೇ.”

ಆ ಹುಡುಗರ ಮುಖ ನೋಡಬೇಕಿತ್ತು! ಉಪನಿಷತ್ತಿನ ಒಳಗೆ ಕಾಲಿಟ್ಟವರಂತೆ ತಬ್ಬಿಬ್ಬಾಗಿ, ಕೊನೆಗೆ ಹಲಗೆಯಲ್ಲಿಲ್ಲದ ಇಡ್ಲಿಯನ್ನು ತಿಂದು ಸಂತುಷ್ಟರಾಗಿ ಹೋದರು.

ನಾನು ಸ್ವಭಾವತಃ ಅನುಮಾನದ ಪ್ರಾಣಿ. ಕುಮಟಾದಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆಯೇ ಅರ್ಧ ಬೆಳೆದವಳು; ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡಕ್ಕೂ ಅಷ್ಟೇ ಆವೇಶದಿಂದ ಮೇಜು ಗುದ್ದಿದವಳು. ಈಗ ಹೊನ್ನಾವರದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕಿರಿಯಳಾಗಿದ್ದೇನಾದ್ದರಿಂದ ಆ ಕಾಯಿಲೆ ವಾಸಿಯಾಗುವ ಲಕ್ಷಣವೂ ಇಲ್ಲ. ಹಾಗಾಗಿ ಪ್ರಭುಗಳ ಹಲಗೆಯನ್ನು ಕಂಡು ಆಹಾ ಸತ್ಯಸಂಧತೆಯೇ ಎಂದು ಕೈ ಮುಗಿಯದೆ, ಇದು ಪ್ರಾಮಾಣಿಕತೆಯೋ ಸೋಮಾರಿತನವೋ ಎಂದು ಅವರನ್ನೇ ಕೇಳಿದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆ ಹೇಳಿದರು: “ಸತ್ಯ ಗಿತ್ಯ ಎಂತ ಇಲ್ಲ ಮಾರಾಯ್ತಿ. ಬಂದವ್ರಿಗೆಲ್ಲ ಇಲ್ಲ ಇಲ್ಲ ಹೇಳ್ತಾ ಕೂರೂಕೆ ನನ್ನ ಗಂಟ್ಲು ಎಂತ ರೇಡಿಯೋನಾ?” ಉತ್ತರ ನನಗೆ ಹಿಡಿಸಿತು. ಸದ್ಗುಣದ ಹಿಂದೆ ಇಂಥದೊಂದು ಸಣ್ಣ ಸ್ವಾರ್ಥ ಕಂಡರೆ ನನ್ನಂಥವರಿಗೆ ಆ ಸದ್ಗುಣದ ಮೇಲೆ ನಂಬಿಕೆ ಹೆಚ್ಚುತ್ತದೆ.

ಈ ಹಲಗೆ ನನ್ನ ಸೋದರಮಾವನ ಬದುಕಿನೊಳಗೆ ಹೇಗೆ ಬಂತು ಎಂದು ಹೇಳಲು ಹೊರಟಿದ್ದೇನೆ. ದಾರಿಯಲ್ಲೊಂದು ಆನ್‌ಲೈನ್ ಅಂಗಡಿ ಸಿಗುತ್ತದೆ, ಅದನ್ನೂ ಸ್ವಲ್ಪ ಜಗ್ಗಾಡಿ ಹೋಗೋಣ.

ಗಜಾನನ ಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಆದರೆ ಕುಮಟಾದಿಂದ ಭಟ್ಕಳದವರೆಗೆ ಅವರನ್ನು ಜನ ಗುರುತಿಸುವುದು ತಾಳಮದ್ದಳೆಯ ಅರ್ಥಧಾರಿ ಎಂದು. ತಾಳಮದ್ದಳೆಯನ್ನು ನೋಡದವರಿಗಾಗಿ ಒಂದು ಮಾತು: ಯಕ್ಷಗಾನದಿಂದ ವೇಷ, ಬಣ್ಣ, ಕುಣಿತಗಳನ್ನೆಲ್ಲ ಕಳೆದರೆ ಉಳಿಯುವ ಹಾಡು ಮತ್ತು ಮಾತು ಅದು. ಪಂಚೆ ಉಟ್ಟು ಶಾಲು ಹೊದ್ದ ಇಬ್ಬರು ಎದುರುಬದುರು ಕೂತು, ಒಬ್ಬ ಅರಸನಾಗಿ ಇನ್ನೊಬ್ಬ ರಾಯಭಾರಿಯಾಗಿ, ಬರೆದುಕೊಂಡ ಸಾಲೊಂದೂ ಇಲ್ಲದೆ ಆ ಕ್ಷಣಕ್ಕೆ ಹುಟ್ಟಿದ ಮಾತಿನಿಂದ ಒಬ್ಬರನ್ನೊಬ್ಬರು ಕಟ್ಟಿ ಹಾಕುತ್ತಾರೆ. ಇಷ್ಟೊಂದು ಇಲ್ಲಗಳ ಕಲೆ ಬೇರೊಂದಿಲ್ಲ. ಆದರೂ ಕಿರೀಟ ಎಲ್ಲಿ, ಗೆಜ್ಜೆ ಎಲ್ಲಿ ಎಂದು ಇದುವರೆಗೆ ಯಾರೂ ಜಗಳ ತೆಗೆದಿಲ್ಲ. ಏಕೆಂದರೆ ಅದು ತನ್ನ ಹೆಸರಿನಲ್ಲೇ, ನನ್ನ ಹತ್ತಿರ ತಾಳ ಉಂಟು, ಮದ್ದಳೆ ಉಂಟು, ಉಳಿದದ್ದನ್ನು ಕೇಳಬೇಡಿ ಎಂದು ಬಾಗಿಲಲ್ಲೇ ಹೇಳಿಕೊಂಡಿದೆ. ಚರ್ಚೆಯ ಹುಚ್ಚು ನನಗೆ ಹತ್ತಿದ್ದು ಕಾಲೇಜಿನಲ್ಲಲ್ಲ, ಮಾವ ಅರ್ಥ ಹೇಳುವಾಗ ಮುಂದಿನ ಸಾಲಿನಲ್ಲಿ ಕೂತು.

ಕಲೆಗೆ ವೇಷವಿಲ್ಲದಿದ್ದರೆ ನಡೆಯುತ್ತದೆ. ಕಲಾವಿದನಿಗೆ ಕಿವಿಯಿಲ್ಲದಿದ್ದರೆ ಕಷ್ಟ. ಮಾವನ ಎಡಗಿವಿ ನಿಧಾನವಾಗಿ ಹಿಂದೆ ಸರಿಯುತ್ತ ಬಂದು ಒಂದು ದಿನ ಪೂರ್ತಿ ರಜೆ ಹಾಕಿತು. ಭಟ್ಕಳದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಆ ಕಿವಿಗೆ ಯಂತ್ರ ಹಾಕಿದರೂ ಲಾಭ ಕಡಿಮೆ, ಬಲಗಿವಿಯನ್ನು ಜೋಪಾನ ಮಾಡಿಕೊಳ್ಳಿ ಎಂದರು. ಮಾವ ಜೋಪಾನ ಮಾಡಿದ್ದು ಗುಟ್ಟನ್ನು. ಮನೆಯಲ್ಲಿ ಅತ್ತೆಗೆ, ಅವರ ಜೊತೆಗೇ ಉಳಿದುಕೊಂಡಿರುವ ನನಗೆ ಬಿಟ್ಟರೆ ಇನ್ಯಾರಿಗೂ ತಿಳಿಯಬಾರದೆಂಬ ಕಟ್ಟಪ್ಪಣೆಯಾಯಿತು.

ಗುಟ್ಟು ಒಡೆಯದೆ ಉಳಿದದ್ದು ಮಾವನ ಸಾಮರ್ಥ್ಯದಿಂದಲ್ಲ, ಪ್ರೇಕ್ಷಕರ ಪಾಂಡಿತ್ಯದಿಂದ. ಕತಗಾಲದಲ್ಲಿ ನಡೆದ ಒಂದು ತಾಳಮದ್ದಳೆಯಲ್ಲಿ ಮಾವ ಅರಸ. ಎದುರಿಗೆ ರಾಯಭಾರಿಯಾಗಿ ಕಾಯ್ಕಿಣಿಯ ಸುಬ್ರಾಯಣ್ಣ, ಭಟ್ಕಳ ಸೀಮೆಯಲ್ಲಿ ಮಾವನಿಗೆ ಸರಿಸಮನಾದ ಮಾತುಗಾರ. ಪಾತ್ರಗಳ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಒಂದು ಪಕ್ಷ ಹಿಡಿದುಬಿಡುತ್ತೀರಿ. ಮಾವ ಅರಸನ ಪರವಾಗಿ ಒಂದು ವಾದವನ್ನು ಎಳೆ ಎಳೆಯಾಗಿ ನೇಯ್ದು ಮುಗಿಸಿದರು. ಸುಬ್ರಾಯಣ್ಣ ದೀರ್ಘವಾಗಿ ಉತ್ತರ ಕೊಡುತ್ತ ಬಂದು, ಕೊನೆಯಲ್ಲಿ ದನಿ ತಗ್ಗಿಸಿ, ಈ ಒಂದು ವಿಷಯದಲ್ಲಿ ಮಹಾರಾಜರು ಹೇಳಿದ್ದೇ ಸರಿ, ಒಪ್ಪಿದೆ ಎಂದು ತಲೆಬಾಗಿಸಿ ಮೌನವಾದರು. ಎದುರಿಗಿದ್ದರೂ ಅವರು ಕೂತಿದ್ದದ್ದು ಮಾವನ ಎಡಕ್ಕೆ ಓರೆಯಾಗಿ. ಮಾವನಿಗೆ ಕಂಡದ್ದು ತುಟಿ ನಿಂತದ್ದು ಮಾತ್ರ. ತುಟಿ ನಿಂತಿತೆಂದರೆ ಎದುರಾಳಿ ಬಾಣ ಬಿಟ್ಟು ಮುಗಿಸಿದ್ದಾನೆ ಎಂದರ್ಥ, ಮಾವ ತೊಡೆ ತಟ್ಟಿ, “ನಿನ್ನ ಈ ಮಾತನ್ನು ನಾನು ಎಂದೆಂದಿಗೂ ಒಪ್ಪಲಾರೆ!” ಎಂದು ಗರ್ಜಿಸಿ ಖಂಡನೆ ಆರಂಭಿಸಿದರು. ಖಂಡನೆಗೆ ಸಿಕ್ಕಿದ್ದು ಯಾವ ಮಾತು? ಅವರದೇ ಮಾತು. ತಾನೇ ನೇಯ್ದದ್ದನ್ನು ತಾನೇ, ಅಷ್ಟೇ ಕಲಾತ್ಮಕವಾಗಿ, ಎಳೆ ಎಳೆಯಾಗಿ ಬಿಚ್ಚಿ ಹಾಕಿದರು. ಸುಬ್ರಾಯಣ್ಣ ಬಾಯಿ ತೆರೆದವರು ಮುಚ್ಚಲಿಲ್ಲ. ಭಾಗವತರು ಅವಸರದಲ್ಲಿ ಮುಂದಿನ ಪದ್ಯ ಎತ್ತಿ ಎಲ್ಲರ ಮಾನ ಕಾಪಾಡಿದರು.

ಸಭೆಯಲ್ಲಿ ಗುಸುಗುಸು ಎದ್ದೀತೆಂದು ನಾನು ಹೆದರಿ ಕೂತಿದ್ದೆ. ಎದ್ದದ್ದು ಚಪ್ಪಾಳೆ! ಮುಗಿದ ಮೇಲೆ ಬಸ್ಸಿಗೆ ಕಾಯುವಾಗ ಒಬ್ಬ ಹಿರಿಯರು ನನಗೆ ತಿಳಿಹೇಳಿದರು: “ಎದುರಾಳಿ ಸೋಲೊಪ್ಪಿದ ಗಳಿಗೆಯಲ್ಲಿ ತನ್ನ ಗೆಲುವಿನ ಮೇಲೇ ಅರಸನಿಗೆ ಸಂಶಯ ಹುಟ್ತು ನೋಡು ತಂಗಿ. ಆ ಒಳತೋಟಿ ಕಾಣ್ಸೂದು ಎಲ್ರಿಂದ ಆಗೂದಲ್ಲ.” ನಾನು ಜೀವನದಲ್ಲಿ ಮೊದಲ ಬಾರಿಗೆ ಪ್ರತಿವಾದ ಹೂಡದೆ ತಲೆಯಾಡಿಸಿದೆ.

ಬಸ್ಸಿನಲ್ಲಿ ಮಾವ ಬಲಗಿವಿಯನ್ನು ನನ್ನತ್ತ ತಿರುಗಿಸಿ, “ಕೂಸೇ, ಸುಬ್ರಾಯ ಕಡೆಗೆ ಎಂತ ಹೇಳಿದ್ನೇ?” ಎಂದು ಕೇಳಿದರು.

“ಒಪ್ಪಿದೆ ಹೇಳಿ ಹೇಳಿದ, ಮಾವ.”

ಆಮೇಲೆ ಬಂದ ಕರೆಗಳಿಗೆಲ್ಲ ಒಮ್ಮೆ ಗಂಟಲು ಸರಿಯಿಲ್ಲ, ಒಮ್ಮೆ ಹೊಟ್ಟೆ ಸರಿಯಿಲ್ಲ. ದೇಹದಲ್ಲಿ ಸರಿಯಾಗಿದ್ದ ಭಾಗಗಳ ಮೇಲೆಲ್ಲ ಒಂದೊಂದಾಗಿ ಸುಳ್ಳು ದೂರು ಹೊರಿಸಿದರೇ ಹೊರತು ತಪ್ಪಿತಸ್ಥ ಕಿವಿಯ ಹೆಸರು ಮಾತ್ರ ಹೊರಬೀಳಲಿಲ್ಲ.

ಮಾತಿಲ್ಲದ ಮಾವ ಹೇಗೆ ಬದುಕಿದರು ಎಂದರೆ, ಗೇಮ್ ಆಡಿ. ನಗಬೇಡಿ. ನನ್ನ ಜೊತೆಗೆ ಅವರ ಮನೆಗೆ ಬಂದ ಸಾಮಾನಿನಲ್ಲಿ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಯೂ ಇತ್ತು. ಮೊದಮೊದಲು ಇದೆಂತ ಮಕ್ಕಳಾಟ ಎಂದು ಮೂಗು ಮುರಿದವರು, ಕಥೆಯಿರುವ ಆಟಗಳಲ್ಲಿ ಪಾತ್ರಗಳು ಆಡುವ ಮಾತೆಲ್ಲ ತೆರೆಯ ಬುಡದಲ್ಲಿ ಸಬ್‌ಟೈಟಲಾಗಿ ಹರಿಯುವುದನ್ನೂ, ಯಾವ ಉತ್ತರ ಕೊಡಬೇಕೆಂದು ನಾವೇ ಆರಿಸಬೇಕೆಂಬುದನ್ನೂ ಕಂಡ ದಿನ ಕನ್ನಡಕ ಒರೆಸಿಕೊಂಡು ಮುಂದೆ ಬಂದು ಕೂತರು. ಪರದೇಶದ ಉಚ್ಚಾರ ಅವರ ಬಲಗಿವಿಗೆ ಎಟುಕದಿದ್ದರೂ ಕಣ್ಣಿಗೆ ಇಂಗ್ಲಿಷ್ ಸಲೀಸು. ಎದುರಾಳಿ ಹೇಳಿದ ಒಂದು ಪದವೂ ತಪ್ಪಿಹೋಗದ ತಾಳಮದ್ದಳೆ ಅವರಿಗೆ ಮನೆಯ ಟಿವಿಯಲ್ಲೇ ಸಿಕ್ಕಿತ್ತು. ಅತ್ತೆ ಸಂಜೆಯ ಧಾರಾವಾಹಿಯನ್ನು ಮೊಬೈಲಿಗೆ ವರ್ಗಾಯಿಸಿಕೊಂಡು ಟಿವಿಯನ್ನು ಬಿಟ್ಟುಕೊಟ್ಟರು.

ಅವರ ಹುಟ್ಟುಹಬ್ಬಕ್ಕೆ ನಾನು ಆನ್‌ಲೈನ್ ಗೇಮ್ ಅಂಗಡಿಯೊಂದರಲ್ಲಿ ಹುಡುಕಿ ಹುಡುಕಿ ಒಂದು ನ್ಯಾಯಾಲಯದ ಆಟವನ್ನು ಕೊಂಡೆ. ಆಡುವವನೇ ವಕೀಲ; ಸಾಕ್ಷಿಗಳ ಮಾತನ್ನು ಗಮನಿಸುತ್ತಿದ್ದು, ಸುಳ್ಳು ಬಂದ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿ ಆಕ್ಷೇಪ ಎತ್ತಬೇಕು. ಅಂಗಡಿಯ ಪುಟದಲ್ಲಿ ತೋರಿಸಿದ ವಿಡಿಯೋದಲ್ಲಿ ಸಬ್‌ಟೈಟಲುಗಳು ಮುತ್ತು ಪೋಣಿಸಿದಂತೆ ಹರಿಯುತ್ತಿದ್ದವು. ಮನೆಗೆ ಬಂದ ಆಟದಲ್ಲಿ ಒಂದಕ್ಷರವೂ ಇಲ್ಲ! ಸೆಟ್ಟಿಂಗಿನ ಮೂಲೆಮೂಲೆಯನ್ನು ತಡಕಾಡಿದೆ. ಕೊನೆಗೆ ತಿಳಿದದ್ದಿಷ್ಟು: ಕಂಪ್ಯೂಟರಿನಲ್ಲಿ ಆಡುವ ಆವೃತ್ತಿಗೆ ಸಬ್‌ಟೈಟಲ್ ಉಂಟು, ನಮ್ಮ ಪೆಟ್ಟಿಗೆಯ ಆವೃತ್ತಿಗೆ ತಯಾರಕರು ಅದನ್ನು ಹಾಕಿಲ್ಲ, ವಿಡಿಯೋ ಅದರದು, ಮಾರಿದ್ದು ಇದನ್ನು. ಪುಟದಲ್ಲಿ ಎಲ್ಲಿಯೂ ಈ ವ್ಯತ್ಯಾಸದ ಸೊಲ್ಲಿಲ್ಲ.

ಮಾವನಿಗೆ ಬೇಸರ ತೋರಿಸುವ ಮನಸ್ಸಾಗಲಿಲ್ಲ, ಉಡುಗೊರೆ ಎಂಬ ದಾಕ್ಷಿಣ್ಯ. ಸುಮ್ಮನೆ ಆಡುತ್ತ ಕೂತರು. ತುಟಿ ನಿಂತಾಗ ಗುಂಡಿ ಒತ್ತುವುದು ಅವರ ಹಳೆಯ ವಿದ್ಯೆಯಷ್ಟೆ. ತಮ್ಮ ಕಕ್ಷಿದಾರಳು, ಪಾಪ ಒಬ್ಬ ಬೇಕರಿಯ ಹೆಂಗಸು, ಕಟಕಟೆಗೆ ಬಂದು ತನ್ನ ಹೆಸರು ಹೇಳುವಾಗಲೇ ಆಕ್ಷೇಪ ಎತ್ತಿ ನ್ಯಾಯಾಧೀಶರಿಂದ ಬೈಸಿಕೊಂಡರು. ಅವಳು ತಾನು ನಿರಪರಾಧಿ ಎಂದಾಗ ಇನ್ನೂ ಜೋರಾಗಿ ಆಕ್ಷೇಪ ಎತ್ತಿದರು. ಅವಳಿಗೆ ಜೈಲಾಯಿತು.

“ಬೇರೆ ವಕೀಲ ಸಿಕ್ಕಿದ್ರೆ ಬಚಾವಾಗ್ತಿತ್ತು ಆ ಹೆಂಗಸು,” ಎಂದರು ಅತ್ತೆ, ಅವಲಕ್ಕಿ ಕಲಸುತ್ತ.

ನಾನು ಕೆಂಡವಾಗಿದ್ದೆ. “ಸಬ್‌ಟೈಟಲ್ ಇಲ್ಲೆ ಹೇಳಿ ಅಂಗಡಿಯವ್ವು ಮೊದ್ಲೇ ಹೇಳವಾಗಿತ್ತು!”

“ಹೇಳಿದ್ರೆ ನೀ ತಗತ್ತಿದ್ಯಾ?” ಎಂದರು ಮಾವ.

“ಇಲ್ಲೆ.”

“ಮತ್ತೆಂತ? ಅದ್ಕೇಯ ಹೇಳಿದ್ದಿಲ್ಲೆ.”

ಅತ್ತೆ ಅವಲಕ್ಕಿಯ ಬಟ್ಟಲನ್ನು ಮಾವನ ಮುಂದಿಟ್ಟು, ಅವರ ಬಲಗಿವಿಯ ಕಡೆಗೇ ಬಂದು ನಿಂತು ಹೇಳಿದರು: “ಹೌದು, ಆ ಅಂಗಡಿ ಥೇಟ್ ನಿಂಗಳ ಹಂಗೇಯ. ಹೇಳಿದ್ರೆ ಯಾರೂ ಕರೀತ್ವಿಲ್ಲೆ ಹೇಳಿ ನಿಂಗಕ್ಕೂ ಹೆದ್ರಿಕೆ.”

ಅಂದು ಬೆಳಿಗ್ಗೆಯಷ್ಟೇ ಕುಮಟಾದಿಂದ ಕರೆ ಬಂದಿತ್ತು. ಭಾನುವಾರ ಮಧ್ಯಾಹ್ನದ ತಾಳಮದ್ದಳೆ, ಅದೇ ಅರಸ, ಅದೇ ಸುಬ್ರಾಯಣ್ಣ. ಮಾವ ಈ ಸಲ ಹೊಟ್ಟೆಯನ್ನು ಮುಂದಿಟ್ಟು, ವಿಚಾರ ಮಾಡಿ ತಿಳಿಸುತ್ತೇನೆ ಎಂದಿದ್ದರು. ಇದೊಂದು ಕರೆಯೂ ತಪ್ಪಿದರೆ ಇನ್ನು ಯಾರೂ ಕರೆಯಲಾರರು, ಮಾವನ ಮಾತು ಟಿವಿಯ ಮುಂದೆಯೇ ಮುಗಿಯುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಮಾವ ಅವಲಕ್ಕಿಗೆ ಕೈ ಹಾಕಿದರು. ಕೇಳಿಸದವರಂತೆ ಇರುವ ಸೌಕರ್ಯವೊಂದು ಅವರಿಗಿತ್ತಲ್ಲ, ಅದನ್ನು ಆಗ ಬಳಸಿಕೊಂಡರು.

ಮಾವನ ಮೇಲೆ ತೋರಿಸಲಾಗದ ಸಿಟ್ಟನ್ನೆಲ್ಲ ನಾನು ಅಂಗಡಿಯ ಮೇಲೆ ತೋರಿಸಿದೆ. ಗ್ರಾಹಕ ಸೇವೆಗೆ ಬರೆದೆ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ಹಣ ಹಿಂದಿರುಗಿಸಿದ್ದೇವೆ ಎಂಬ ಉತ್ತರ ಬಂತು. ಹಣವಲ್ಲ ನನ್ನ ವಿಷಯ, ಪುಟದಲ್ಲಿ ಒಂದು ಸಾಲು ಸೇರಿಸಿ ಎಂದು ಮತ್ತೆ ಬರೆದೆ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂಬ ಉತ್ತರ ಮತ್ತೆ ಬಂತು. ವಾದಕ್ಕೆ ನಿಲ್ಲದ ಎದುರಾಳಿಗಿಂತ ದೊಡ್ಡ ಶಿಕ್ಷೆ ಚರ್ಚಾಪಟುವಿಗೆ ಇನ್ನೊಂದಿಲ್ಲ. ಹಾಗಾಗಿ ನ್ಯಾಯವಾಗಿ ಅವರು ಮಾಡಬೇಕಿದ್ದ ವಾದವನ್ನೂ ನಾನೇ ಅವರ ಪರವಾಗಿ ಮಾಡಬೇಕಾಯಿತು.

ಅಂಗಡಿಯ ಪರ ಹೇಳುವುದಾದರೆ: ಇದೆ ಎಂದು ನಾವು ಎಲ್ಲಿ ಬರೆದಿದ್ದೆವು? ಹೇಳದಿರುವುದು ಸುಳ್ಳು ಹೇಳಿದಂತಾಗುತ್ತದೆಯೇ? ಇನ್ನು ಇಲ್ಲದ್ದನ್ನೆಲ್ಲ ಹೇಳಲು ಹೊರಟರೆ ಕೊನೆಯೆಲ್ಲಿ? ಇರುವ ಸಂಗತಿಗಳಿಗೆ ಲೆಕ್ಕವಿದೆ, ಇಲ್ಲದವಕ್ಕೆ ಲೆಕ್ಕವಿಲ್ಲ. ಕುಮಟಾ ಸಂತೆಯಲ್ಲಿ ತೆಂಗಿನಕಾಯಿ ಮಾರುವವನು ಇದರೊಳಗೆ ಮಾವಿನ ರಸವಿಲ್ಲ ಎಂದು ಚೀಟಿ ಅಂಟಿಸಬೇಕೇ? ಚೆನ್ನಾಗಿದೆ ವಾದ; ನನ್ನದೇ ಆದ್ದರಿಂದ ಇನ್ನೂ ಚೆನ್ನಾಗಿ ಕಂಡಿತು. ಎರಡು ದಿನ ಇದಕ್ಕೆ ಉತ್ತರ ಹೊಳೆಯದೆ ಒದ್ದಾಡಿದೆ.

ಉತ್ತರ ಹೊಳೆದದ್ದು ಪ್ರಭುಗಳ ಹೋಟೆಲಿನಲ್ಲಿ, ಕಷಾಯ ಆರಲೆಂದು ಕಾಯುತ್ತಿದ್ದಾಗ. ಹಲಗೆಯ ಮೇಲೆ ಅಂದು ‘ಬನ್ಸ್’ ಎಂದಿತ್ತು. ಅದನ್ನೇ ನೋಡುತ್ತ ಕೂತವಳಿಗೆ ಫಕ್ಕನೆ ಅನ್ನಿಸಿತು: ಪ್ರಭುಗಳು ಈವರೆಗೆ ಒಂದು ದಿನವಾದರೂ ಹಲಗೆಯ ಮೇಲೆ ‘ಬಿರಿಯಾನಿ’ ಎಂದು ಬರೆದಿದ್ದಾರೆಯೇ? ಭಟ್ಕಳದ ಬಿರಿಯಾನಿ ಈ ಹೋಟೆಲಿನಲ್ಲಿ ಹಿಂದೆಂದೂ ಇರಲಿಲ್ಲ, ಮುಂದೆಯೂ ಇರಲಾರದು. ಆದರೂ ಅದರ ಇಲ್ಲವನ್ನು ಅವರು ಸಾರಿಲ್ಲ, ಏಕೆಂದರೆ ಅದನ್ನು ನಿರೀಕ್ಷಿಸಿ ಒಳಗೆ ಬಂದವರಿಲ್ಲ. ಬನ್ಸಿನ ಸಂಗತಿ ಹಾಗಲ್ಲ. ನಿನ್ನೆ ತಿನ್ನಿಸಿ ಇಂದು ಬರುವಂತೆ ಮಾಡಿದವರು ಅವರೇ. ಹಾಗಾದರೆ ಇಲ್ಲದ್ದೆಲ್ಲವನ್ನೂ ಹೇಳಬೇಕಾಗಿಲ್ಲ. ಯಾವುದರ ಆಸೆಯನ್ನು ನೀನೇ ಹುಟ್ಟಿಸಿದ್ದೀಯೋ ಅದು ಇಲ್ಲವಾದಾಗ ಹೇಳಿದರೆ ಸಾಕು. ತೆಂಗಿನಕಾಯಿಯವನು ಬಿಡುಗಡೆಯಾದ. ವಿಡಿಯೋ ತೋರಿಸಿದ ಅಂಗಡಿ ಸಿಕ್ಕಿಬಿತ್ತು! ಆ ಸಂತೋಷದಲ್ಲಿ ಕಷಾಯ ಪೂರ್ತಿ ಆರಿಹೋದದ್ದೂ ತಿಳಿಯಲಿಲ್ಲ. ಇಷ್ಟನ್ನೂ ಬರೆದು ಅಂಗಡಿಗೆ ಕಳಿಸಿದೆ. ಬನ್ಸ್ ಎಂದರೇನೆಂದು ಮಾತ್ರ ವಿವರಿಸಬೇಕಾಯಿತು, ಬಾಳೆಹಣ್ಣು ಕಲಸಿ ಕರಿಯುವ ಆ ಪೂರಿಯ ವಿಚಾರ ಅವರಿಗೆ ತಿಳಿದಿರುವ ಸಂಭವ ಕಡಿಮೆ.

ಆದರೆ ವಾದವೆಂಬುದು ಅಪಾಯದ ಸಾಧನ, ಒಮ್ಮೆ ಹರಿತ ಮಾಡಿದ ಮೇಲೆ ಮನೆಯವರು ಹೊರಗಿನವರು ಎಂದು ನೋಡುವುದಿಲ್ಲ. ತಾಳಮದ್ದಳೆಗೆ ಬಂದವರು ಮಾವನಿಂದ ಕುಣಿತವನ್ನು ಕೇಳುವುದಿಲ್ಲ, ಕಿರೀಟವನ್ನು ಕೇಳುವುದಿಲ್ಲ. ಎದುರಾಳಿಯ ಮಾತನ್ನು ಕೇಳಿಸಿಕೊಂಡು ಮಾತಾಡುವುದನ್ನು ಮಾತ್ರ ನಿರೀಕ್ಷಿಸುತ್ತಾರೆ. ಆ ನಿರೀಕ್ಷೆಯನ್ನು ವರ್ಷಗಳಿಂದ ಕಟ್ಟಿ ಬೆಳೆಸಿದವರು ಮಾವನೇ. ನನ್ನ ನಿಯಮದ ಪ್ರಕಾರ ಅಂಗಡಿಯ ಪಕ್ಕದಲ್ಲೇ ಅವರನ್ನೂ ನಿಲ್ಲಿಸಬೇಕಾಗಿತ್ತು. ಹಾಗೆ ನೋಡಿದರೆ, ಎರಡು ದಿನ ತಲೆ ಕೆಡಿಸಿಕೊಂಡು ನಾನು ತಲುಪಿದ ತೀರ್ಮಾನಕ್ಕೆ ಅತ್ತೆ ಅವಲಕ್ಕಿ ಕಲಸುತ್ತಲೇ ತಲುಪಿ ಅದನ್ನು ಹೇಳಿಯೂ ಆಗಿತ್ತು.

ಕುಮಟಾದವರಿಗೆ ಉತ್ತರ ಕೊಡಬೇಕಿದ್ದ ಗಡುವು ಹತ್ತಿರವಾದಾಗ ಅಂಗಡಿಯ ಪುಟ ಬದಲಾಯಿತು. ಆಟದ ಹೆಸರಿನ ಕೆಳಗೇ, ಮುಚ್ಚುಮರೆಯಿಲ್ಲದ ದಪ್ಪ ಅಕ್ಷರದಲ್ಲಿ, ಈ ಆವೃತ್ತಿಯಲ್ಲಿ ಸಬ್‌ಟೈಟಲ್ ಇಲ್ಲ, ವಿಡಿಯೋ ಕಂಪ್ಯೂಟರ್ ಆವೃತ್ತಿಯದು ಎಂಬ ಸಾಲು. ನನ್ನ ವಾದಕ್ಕೆ ಮಣಿದರು ಎಂದು ಹೇಳಿಕೊಳ್ಳುವ ಆಸೆ ನನಗೆ ಬಹಳ, ಆದರೆ ಪುರಾವೆಯಿಲ್ಲ. ನನ್ನಂತೆ ಬೇರೆಯವರೂ ಕಾಡಿರಬಹುದು, ಅಥವಾ ಎಲ್ಲರಿಗೂ ಉತ್ತರಿಸಿ ಅವರ ಗಂಟಲೂ ಸೋತಿರಬಹುದು. ಯಾವುದಾದರೂ ಆಗಲಿ, ಮಾವನಿಗೆ ತೋರಿಸಿದೆ.

ಅವರು ಕನ್ನಡಕ ಏರಿಸಿ ಓದಿದರು. ಕೆಳಗೆ ಕೊಂಡವರ ಅನಿಸಿಕೆಗಳಿದ್ದವು. ಒಬ್ಬ ಬರೆದಿದ್ದ: ಮೊದಲೇ ಹೇಳಿದ್ದು ಒಳ್ಳೆಯದಾಯಿತು, ನನಗೆ ಸಬ್‌ಟೈಟಲ್ ಬೇಡ, ಧೈರ್ಯವಾಗಿ ಕೊಂಡೆ, ಆಟ ಸೊಗಸಾಗಿದೆ.

“ಇಲ್ಲೆ ಹೇಳಿ ಗೊತ್ತಾದ ಮೇಲೂ ತಗಂಡಿದ್ನಲೇ ಇವ,” ಎಂದರು ಮಾವ. ಮತ್ತೊಮ್ಮೆ ಓದಿದರು. ನನ್ನನ್ನು ನೋಡದೆ, “ಆದ್ರೆ ಅಯ್ಯೋ ಪಾಪ ಹೇಳ್ತ ಕೂಸೇ ಜನ. ಆ ಪಾಪ ಕೇಳಲೆ ನಂಗಾಗ್ತಿಲ್ಲೆ,” ಎಂದರು. ಅವರ ಹೆದರಿಕೆಯ ನಿಜವಾದ ಹೆಸರು ಅದು. ಜನ ಕರೆಯುವುದಿಲ್ಲ ಎಂದಲ್ಲ. ಕರೆದು, ಕೂರಿಸಿ, ಕನಿಕರದ ಚಪ್ಪಾಳೆ ತಟ್ಟಿಬಿಟ್ಟರೆ?

ಆದರೂ ಮಾವ ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಕಾಯ್ಕಿಣಿಗೆ ಮಾತಾಡಿದರು. ಅವರು ಜೋರು ದನಿಯವರು, ಸುಬ್ರಾಯಣ್ಣ ಇನ್ನೂ ಜೋರು. ಅಡುಗೆಮನೆಯವರೆಗೆ ಎಲ್ಲ ಕೇಳುತ್ತಿತ್ತು. ಮಾವ ಎಡಗಿವಿಯ ವಿಷಯ ಹೇಳಿ, ಕತಗಾಲದ ವಿಷಯವನ್ನೂ ಹೇಳಿ ನಿಲ್ಲಿಸಿದರು. ಆ ಕಡೆಯಿಂದ ಸ್ಫೋಟ: “ಅಯ್ಯೋ ಮಾಸ್ತರ್ರೇ, ಇದಾ ಸಂಗ್ತಿ! ನಾ ಒಪ್ಪಿದ್ರಲ್ಲಿ ಎಂತ ತಪ್ಪಾಯ್ತು ಅಂತ ಮಳೆಗಾಲ ಇಡೀ ತಲೆ ಕೆರ್ಕಂಡ್ ಕೂತಿದ್ದೆ ಮಾರಾಯ್ರೇ! ಇನ್ನು ಯಾರನ್ನೂ ಒಪ್ಪೂದೇ ಇಲ್ಲ ಅಂತ ಹೆಂಡ್ತಿ ಹತ್ರ ಹೇಳ್ದೆ. ಮೊದ್ಲೆಲ್ಲಿ ಒಪ್ತಿದ್ರಿ ಅಂತ ಕೇಳಿದ್ಲು ಅವ್ಳು!”

ಭಾನುವಾರ ಕುಮಟಾದಲ್ಲಿ ಸುಬ್ರಾಯಣ್ಣ ಮಾವನ ಬಲಕ್ಕೆ ಕೂತರು; ಮಾವ ಮೊದಲ ಮಾತಿನಲ್ಲೇ, ಪ್ರಭುಗಳ ಹಲಗೆಯಂತೆ, ‘ಎಡಗಿವಿ ಇವತ್ತು ಇಲ್ಲ’ ಎಂದು ಸಭೆಗೆ ಸಾರಿದರು.